ಬ್ರಿಟನ್‌ನಿಂದ ಆಸ್ಟ್ರೇಲಿಯಾದ ಹಳ್ಳಿಗಾಡಿಗೆ: ಯಾವ ಊರು ಯಾವ ಕುಟುಂಬಕ್ಕೆ?

ಇಂಗ್ಲೆಂಡಿನಿಂದ ಹೊರಡುವ ಮುಂಚೆ ಜನ ನನ್ನನ್ನು ಮೊದಲು ಕೇಳುವುದು ಹಾವಿನ ಬಗ್ಗೆ, ಆಮೇಲೆ ಜೇಡದ ಬಗ್ಗೆ. ಕೇಳಬೇಕಾದದ್ದು ಬೇರೆಯೇ ಇದೆ. ಮನೆಗೆ ನೀರು ಎಲ್ಲಿಂದ ಬರುತ್ತದೆ? ಹೆರಿಗೆ ಆಸ್ಪತ್ರೆ ಎಷ್ಟು ದೂರ? ಒಬ್ಬರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಉಳಿದವರು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಎಲ್ಲಿಗೆ ಹೋಗಬೇಕು, ಯಾರ ಜೊತೆ ಮಾತಾಡಬೇಕು?

ನನ್ನ ಪ್ರಕಾರ ಈ ಕೊನೆಯದೇ ದೊಡ್ಡ ಪ್ರಶ್ನೆ. ಕೆಲಸ ಸಿಕ್ಕಿದವರು ಕುಟುಂಬವನ್ನು ಇಲ್ಲಿಗೆ ಕರೆದುಕೊಂಡು ಬರುತ್ತಾರೆ ನಿಜ. ಆದರೆ ಕುಟುಂಬ ಇಲ್ಲಿ ನಿಲ್ಲುತ್ತದೋ ಇಲ್ಲವೋ ಅನ್ನುವುದು ತೀರ್ಮಾನವಾಗುವುದು ಮನೆಯಲ್ಲಿ ಉಳಿದವರಿಂದ. ಊರು ಆರಿಸುವಾಗ ಅವರನ್ನೇ ಮುಂದಿಟ್ಟುಕೊಂಡು ಆರಿಸಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವೂ ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ಬಂದವರೇ. ಮೂಲ ಹಾವೇರಿ ಕಡೆ, ಆಮೇಲೆ ಒಂಬತ್ತು ವರ್ಷ ಲೆಸ್ಟರ್, ಈಗ ವಿಕ್ಟೋರಿಯಾ ರಾಜ್ಯದ ಪಶ್ಚಿಮಕ್ಕಿರುವ ವಿಮ್ಮೆರಾ ಬಯಲು. ನಮ್ಮ ಊರಿನಿಂದ ಹಾರ್ಷಮ್ ಪಟ್ಟಣಕ್ಕೆ ಕಾರಿನಲ್ಲಿ ಮುಕ್ಕಾಲು ಗಂಟೆ, ಮೆಲ್ಬರ್ನ್‌ಗೆ ನಾಲ್ಕು ಗಂಟೆ ದಾಟುತ್ತದೆ. ನನ್ನ ಗಂಡನಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಮೊದಲ ವರ್ಷ ಮನೆಯಲ್ಲಿ ಉಳಿದವಳು ನಾನು. ಆಮೇಲೆ ಯಾರ್ಕ್‌ಷೈರ್, ಕೆಂಟ್, ವೇಲ್ಸ್ ಕಡೆಯಿಂದ ಬಂದ ಏಳೆಂಟು ಕುಟುಂಬಗಳನ್ನು ಹತ್ತಿರದಿಂದ ನೋಡಿದ್ದೇನೆ. ಹೆಚ್ಚಿನವರು ಬೇರು ಬಿಟ್ಟಿದ್ದಾರೆ. ಎರಡು ಕುಟುಂಬ ವಾಪಸ್ ಹೋದವು. ಯಾರೂ ಹಾವಿಗೆ ಹೆದರಿ ಹೋಗಲಿಲ್ಲ.

ಬ್ರಿಟನ್ನಿನಲ್ಲಿರುವ ನಮ್ಮ ಕನ್ನಡದವರೂ ಈಗೀಗ ಇದೇ ದಾರಿ ಕೇಳುತ್ತಿದ್ದಾರೆ, ಅದರಲ್ಲೂ ಆಸ್ಪತ್ರೆ ಕೆಲಸದವರು. ಅವರಿಗೂ ಲೆಕ್ಕ ಇದೇ.

ಮೊದಲು ವೀಸಾ

ಊರು ಆರಿಸುವ ಮುಂಚೆ ಇದು ಗೊತ್ತಿರಲಿ. ವೀಸಾದ ಮಾತಿನಲ್ಲಿ ‘ರೀಜನಲ್’ ಅಂದರೆ ಹಳ್ಳಿ ಅಂತಲ್ಲ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಈ ಮೂರನ್ನು ಬಿಟ್ಟು ಉಳಿದದ್ದೆಲ್ಲ ಅದರಲ್ಲೇ ಬರುತ್ತದೆ. ಪರ್ತ್, ಅಡಿಲೇಡ್, ಕ್ಯಾನ್‌ಬೆರಾ ಕೂಡ. ಹಾಗಾಗಿ ‘ವೀಸಾಕ್ಕೋಸ್ಕರ ಯಾವುದಾದರೂ ಕುಗ್ರಾಮಕ್ಕೆ ಹೋಗಲೇಬೇಕು’ ಅಂದುಕೊಳ್ಳಬೇಡಿ. ಹಳ್ಳಿ ಬೇಕು ಅನ್ನಿಸಿದರೆ ಮಾತ್ರ ಹಳ್ಳಿ.

ಸಾಮಾನ್ಯವಾಗಿ ಕುಟುಂಬಗಳ ಮುಂದೆ ಬರುವುದು 491 ಮತ್ತು 494 ಅನ್ನುವ ಎರಡು ರೀಜನಲ್ ವೀಸಾಗಳು. ಎರಡೂ 5 ವರ್ಷದವು. ಎರಡರಲ್ಲೂ ರೀಜನಲ್ ಪ್ರದೇಶದಲ್ಲಿ 3 ವರ್ಷ ಇದ್ದು, ದುಡಿದು, ತೆರಿಗೆಯ ಲೆಕ್ಕ ತೋರಿಸಿದರೆ 191 ಅನ್ನುವ ಕಾಯಂ ವೀಸಾಕ್ಕೆ ಅರ್ಜಿ ಹಾಕಬಹುದು. ವ್ಯತ್ಯಾಸ ಇರುವುದು ಸ್ವಾತಂತ್ರ್ಯದಲ್ಲಿ. 491ರಲ್ಲಿ ನೀವು ಕೆಲಸ ಬದಲಿಸಬಹುದು, ಆ ಪ್ರದೇಶದ ಒಳಗೇ ಊರೂ ಬದಲಿಸಬಹುದು. 494 ನಿಮ್ಮನ್ನು ಕರೆಸಿಕೊಂಡ ಮಾಲೀಕರಿಗೆ ಕಟ್ಟಿದ್ದು. ಅವರನ್ನು ಬಿಟ್ಟರೆ ಇನ್ನೊಬ್ಬ ಮಾಲೀಕರನ್ನು ಹುಡುಕಿಕೊಳ್ಳಬೇಕು. ದೊಡ್ಡ ಪಟ್ಟಣದಲ್ಲಿ ಅದು ಆಗುವ ಮಾತು. ಎರಡು ಸಾವಿರ ಜನ ಇರುವ ಊರಿನಲ್ಲಿ ನಿಮ್ಮ ಕಸುಬಿಗೆ ಇರುವುದೇ ಒಬ್ಬ ಮಾಲೀಕ. ಹೊಂದಾಣಿಕೆ ಆಗದಿದ್ದರೆ ಊರನ್ನೇ ಬಿಡಬೇಕು, ಮಕ್ಕಳ ಶಾಲೆಯನ್ನೂ ಬಿಡಿಸಬೇಕು. ಎರಡರಲ್ಲಿ ಒಂದನ್ನು ಆರಿಸುವ ಅವಕಾಶ ಇದ್ದರೆ ನಾನು ಕಣ್ಣು ಮುಚ್ಚಿ 491 ಅನ್ನುತ್ತೇನೆ.

ಮಕ್ಕಳಿಲ್ಲದ ಜೋಡಿಗೆ ಇನ್ನೊಂದು ಸುಲಭದ ದಾರಿ ಇದೆ. ವರ್ಕಿಂಗ್ ಹಾಲಿಡೇ ವೀಸಾ ಬ್ರಿಟಿಷರಿಗೆ ಈಗ 35 ವರ್ಷದವರೆಗೆ ಸಿಗುತ್ತದೆ. ಮೊದಲು ಎರಡನೇ ವರ್ಷದ ವೀಸಾ ಬೇಕಾದರೆ ತೋಟದಲ್ಲೋ ಕುರಿ ಫಾರ್ಮಿನಲ್ಲೋ 88 ದಿನ ದುಡಿಯಬೇಕಿತ್ತು. 2024ರ ಜುಲೈ 1ರಿಂದ ಬ್ರಿಟಿಷ್ ಪಾಸ್‌ಪೋರ್ಟಿನವರಿಗೆ ಆ ಷರತ್ತು ಇಲ್ಲ, ಹಾಗೇ ಮೂರು ಸಲ ಸಿಗುತ್ತದೆ. ಒಂದು ವರ್ಷ ಬಂದು ಬಿಸಿಲು, ಚಳಿ, ದೂರ ಎಲ್ಲ ನೋಡಿಕೊಂಡು ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ.

ಮನೆ ಕೊಳ್ಳುವ ಆಸೆ ಇಟ್ಟುಕೊಂಡು ಬರುವವರು ಗಮನಿಸಿ: 2025ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರವರೆಗೆ ತಾತ್ಕಾಲಿಕ ವೀಸಾದವರು ಹಳೆಯ ಮನೆ ಕೊಳ್ಳುವ ಹಾಗಿಲ್ಲ ಅಂತ ಸರ್ಕಾರ ತಡೆ ಹಾಕಿದೆ. ಅಂದರೆ ಕಾಯಂ ವೀಸಾ ಇಲ್ಲದೆ ಬಂದವರಲ್ಲಿ ಹೆಚ್ಚಿನವರು ಬಾಡಿಗೆಗೇ ಇರಬೇಕಾಗುತ್ತದೆ. ಸಣ್ಣ ಊರುಗಳಲ್ಲಿ ಬಾಡಿಗೆ ಅಗ್ಗ, ಆದರೆ ಮನೆಯೇ ಸಿಗುವುದಿಲ್ಲ. ಕೆಲಸ ಒಪ್ಪುವ ಮುಂಚೆ ‘ಮೊದಲ ಆರು ತಿಂಗಳು ಮನೆ ಕೊಡುತ್ತೀರಾ?’ ಅಂತ ಮಾಲೀಕರನ್ನು ನೇರವಾಗಿ ಕೇಳಿ, ಬರೆಸಿಕೊಳ್ಳಿ. ನಾಚಿಕೆ ಬೇಡ.

ದೊಡ್ಡ ಪಟ್ಟಣ

ಬಲ್ಲರಾಟ್, ಬೆಂಡಿಗೋ, ವಾಗಾ ವಾಗಾ, ಟುವುಂಬಾ, ಆರೆಂಜ್, ಲಾನ್ಸೆಸ್ಟನ್. ಇವೆಲ್ಲ ಹಳ್ಳಿಗಾಡಿನ ನಡುವೆ ಇರುವ ಪಟ್ಟಣಗಳು. ಊರಾಚೆ ಹತ್ತು ನಿಮಿಷ ಹೋದರೆ ಕುರಿ ಮೇಯುತ್ತಿರುತ್ತವೆ, ಊರೊಳಗೆ ಪೂರ್ತಿ ಆಸ್ಪತ್ರೆ, ಮೂರು ನಾಲ್ಕು ಹೈಸ್ಕೂಲು, ಈಜುಕೊಳ, ಸಿನಿಮಾ ಎಲ್ಲ ಇರುತ್ತದೆ. ಬಲ್ಲರಾಟ್‌ನಿಂದ ಮೆಲ್ಬರ್ನ್‌ಗೆ ರೈಲಿನಲ್ಲಿ ಒಂದೂವರೆ ಗಂಟೆ. ಅಕ್ಕಿ, ಬೇಳೆ, ಸಾರಿನ ಪುಡಿ ಸಿಗುವ ಅಂಗಡಿಯೂ ಸಿಗುತ್ತದೆ, ಅದು ನಮ್ಮಂಥವರಿಗೆ ಸಣ್ಣ ವಿಷಯ ಅಲ್ಲ.

ಹನ್ನೆರಡು ದಾಟಿದ ಮಕ್ಕಳಿದ್ದರೆ ಇದನ್ನೇ ಆರಿಸಿ. ಸಣ್ಣ ಊರಿನ ಹೈಸ್ಕೂಲಿನಲ್ಲಿ ಫಿಸಿಕ್ಸ್ ತಗೊಂಡವರು ಮೂರೇ ಜನ ಆದರೆ ಆ ವರ್ಷ ಕ್ಲಾಸೇ ನಡೆಯದೆ ಹೋಗಬಹುದು, ಅಥವಾ ಪಾಠ ಪರದೆ ಮೇಲೆ ಬರುತ್ತದೆ. ಇಲ್ಲಿನ ಎಷ್ಟೋ ರೈತರು ಮಕ್ಕಳನ್ನು ಹೈಸ್ಕೂಲಿಗೆ ಹಾಸ್ಟೆಲ್ ಇರುವ ಶಾಲೆಗೆ ಕಳಿಸುತ್ತಾರೆ. ಈಗಷ್ಟೇ ದೇಶ ಬಿಟ್ಟು ಬಂದ ಹುಡುಗಿಯನ್ನು ಮತ್ತೆ ಮನೆಯಿಂದಲೂ ದೂರ ಕಳಿಸುವುದು ನನಗಂತೂ ಸರಿ ಕಾಣುವುದಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಅವರವರ ಕಸುಬಿನಲ್ಲೇ ಕೆಲಸ ಬೇಕು ಅಂದರೂ ಪಟ್ಟಣವೇ ಸರಿ.

ಹವಾಮಾನದ ಬಗ್ಗೆ ಒಂದು ಮಾತು. ಆಸ್ಟ್ರೇಲಿಯಾ ಅಂದರೆ ಬಿಸಿಲು ಅಂತ ಬಂದವರು ಮೊದಲ ಚಳಿಗಾಲದಲ್ಲಿ ನಡುಗಿ ಹೋಗುತ್ತಾರೆ. ಆರೆಂಜ್ ಸಮುದ್ರಮಟ್ಟದಿಂದ 860 ಮೀಟರ್ ಎತ್ತರದಲ್ಲಿದೆ, ಕೆಲವು ವರ್ಷ ಹಿಮ ಬೀಳುತ್ತದೆ. ಆರ್ಮಿಡೇಲ್, ಬಲ್ಲರಾಟ್ ಕೂಡ ಚಳಿಯ ಊರುಗಳೇ. ನಿಜವಾದ ಕಷ್ಟ ಹೊರಗಿನ ಚಳಿಯಲ್ಲ, ಮನೆಯೊಳಗಿನದು. ಇಂಗ್ಲೆಂಡಿನಲ್ಲಿ ಪ್ರತಿ ಕೋಣೆಗೂ ರೇಡಿಯೇಟರ್ ಇತ್ತು. ಇಲ್ಲಿನ ಹಳೆಯ ಹಲಗೆ ಮನೆಗಳು ಸಣ್ಣ ಕಂಬಗಳ ಮೇಲೆ ನಿಂತಿರುತ್ತವೆ, ನೆಲದ ಕೆಳಗೆ ಗಾಳಿ ಓಡಾಡುತ್ತಿರುತ್ತದೆ. ನಮ್ಮ ಮೊದಲ ಜುಲೈನಲ್ಲಿ ಬೆಳಿಗ್ಗೆ ಆರಕ್ಕೆ ಅಡುಗೆಮನೆಗೆ ಹೋದರೆ ಬಾಯಿಂದ ಹೊಗೆ ಬರುತ್ತಿತ್ತು. ಕಿಟಕಿ ಮುಚ್ಚಿದ್ದರೂ ಪರದೆಯ ತುದಿ ಅಲ್ಲಾಡುತ್ತಿತ್ತು. ಎಣ್ಣೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಕಲ್ಲಾಗಿತ್ತು. ಇಡೀ ಮನೆಗೆ ಹಾಲ್‌ನಲ್ಲಿದ್ದ ಒಂದು ಸೌದೆ ಒಲೆಯೇ ಗತಿ. ಬಾಡಿಗೆ ಮನೆ ನೋಡುವಾಗ ಚಾವಣಿಗೂ ಗೋಡೆಗೂ ಇನ್ಸುಲೇಷನ್ ಹಾಕಿದ್ದಾರಾ, ಮಲಗುವ ಕೋಣೆಗೆ ಏನು ವ್ಯವಸ್ಥೆ ಅಂತ ಕೇಳಿ. ಒಣಗಿದ ಸೌದೆಯನ್ನು ಫೆಬ್ರವರಿಯಲ್ಲೇ ತರಿಸಿಟ್ಟುಕೊಳ್ಳಿ, ಜೂನ್‌ನಲ್ಲಿ ಸಿಗುವುದು ಹಸಿ ಸೌದೆ, ಬೆಲೆಯೂ ಜಾಸ್ತಿ.

ಪಟ್ಟಣದ ಕೊರತೆ ಅಂದರೆ ಇಷ್ಟೇ: ಯಾರೂ ನಿಮ್ಮನ್ನು ಗಮನಿಸುವುದಿಲ್ಲ. ಲೆಸ್ಟರ್‌ನಲ್ಲಿ ಹೇಗಿದ್ದಿರೋ ಹಾಗೇ ಇರುತ್ತೀರಿ. ಕೆಲವರಿಗೆ ಅದೇ ನೆಮ್ಮದಿ.

ಗೋಧಿ, ಕುರಿಯ ಸಣ್ಣ ಊರು

ಇದು ನಾನಿರುವ ಬದುಕು, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಒಂದು ಅಗಲ ರಸ್ತೆ. ಅದರ ಎರಡು ಬದಿ ಒಂದು ಸೂಪರ್ ಮಾರ್ಕೆಟ್, ಒಂದು ಬೇಕರಿ, ಒಂದು ಪಬ್, ಔಷಧಿ ಅಂಗಡಿ, ಅಂಚೆ ಕಚೇರಿ, ಹಳೆ ಬಟ್ಟೆ ಮಾರುವ ಆಪ್ ಶಾಪ್. ಊರ ತುದಿಯಲ್ಲಿ ರೈಲು ಹಳಿಯ ಪಕ್ಕ ಗೋಧಿ ತುಂಬುವ ದೊಡ್ಡ ಕಾಂಕ್ರೀಟ್ ಸೈಲೋಗಳು. 2016ರಲ್ಲಿ ಬ್ರಿಮ್ ಅನ್ನುವ ಪುಟ್ಟ ಊರಿನ ಸೈಲೋ ಮೇಲೆ ರೈತರ ಚಿತ್ರ ಬರೆದರು, ಆಮೇಲೆ ಈ ಕಡೆಯ ಎಷ್ಟೋ ಸೈಲೋಗಳಿಗೆ ಬಣ್ಣ ಬಂತು. ಬಯಲುಸೀಮೆಯವಳಾದ ನನಗೆ ಈ ಚಪ್ಪಟೆ ನೆಲ, ಎತ್ತ ನೋಡಿದರೂ ಆಕಾಶ, ಮೊದಲ ದಿನವೇ ಹಿಡಿಸಿತು. ವೇಲ್ಸ್‌ನಿಂದ ಬಂದ ಗೆಳತಿಗೆ ಅದೇ ಬಯಲು ಉಸಿರುಗಟ್ಟಿಸಿತು. ಗುಡ್ಡ ಇಲ್ಲದ ಕಡೆ ಕಣ್ಣು ಎಲ್ಲಿ ನಿಲ್ಲಿಸಬೇಕೋ ಗೊತ್ತಾಗುವುದಿಲ್ಲ ಅನ್ನುತ್ತಿದ್ದಳು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಸಿರು ಕಣಿವೆಯಲ್ಲಿ ಬೆಳೆದವರಿಗೆ ಜನವರಿಯಲ್ಲಿ ಇಲ್ಲಿನ ಹೊಲ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗುವುದು ನಿಜವಾಗಿಯೂ ಸಂಕಟ ತರುತ್ತದೆ.

ಸಣ್ಣ ಊರಿನಲ್ಲಿ ಪೈಪಿನ ನೀರು ಇರುತ್ತದೆ, ಕಸದ ಗಾಡಿ ಬರುತ್ತದೆ, ಮಕ್ಕಳು ನಡೆದುಕೊಂಡೇ ಶಾಲೆಗೆ ಹೋಗುತ್ತಾರೆ. ವಿಮ್ಮೆರಾ ಮತ್ತು ಮ್ಯಾಲಿ ಸೀಮೆಯಲ್ಲಿ ಮೊದಲು 17 ಸಾವಿರ ಕಿಲೋಮೀಟರಿಗೂ ಹೆಚ್ಚು ತೆರೆದ ಕಾಲುವೆಯಲ್ಲಿ ನೀರು ಬಿಡುತ್ತಿದ್ದರು, ಅದರ ಬಹುಪಾಲು ನೆಲಕ್ಕೂ ಬಿಸಿಲಿಗೂ ಹೋಗುತ್ತಿತ್ತು. 2010ರಲ್ಲಿ ಪೈಪ್‌ಲೈನ್ ಮುಗಿದ ಮೇಲೆ ಊರುಗಳಿಗೆ ನೀರಿನ ಭಯ ಕಡಿಮೆಯಾಯಿತು.

ಶಾಲೆಯಲ್ಲಿ ಎರಡು ಮೂರು ತರಗತಿ ಸೇರಿಸಿ ಒಂದೇ ಕೋಣೆಯಲ್ಲಿ ಪಾಠ ಮಾಡುತ್ತಾರೆ. ಇಂಗ್ಲೆಂಡಿನ ತಾಯಂದಿರಿಗೆ ಇದು ಮೊದಲು ಗಾಬರಿ. ಐದನೇ, ಆರನೇ ತರಗತಿವರೆಗೆ ಇದರಿಂದ ಲಾಭವೇ ಜಾಸ್ತಿ ಅಂತ ಶಾಲೆಯಲ್ಲೇ ಕೆಲಸ ಮಾಡುವ ನಾನು ಹೇಳಬಲ್ಲೆ. ದೊಡ್ಡ ಮಕ್ಕಳು ಚಿಕ್ಕವರಿಗೆ ಓದಿಸುತ್ತಾರೆ. ಶಾಲೆ ಶುರುವಾಗುವುದು ಜನವರಿ ಕೊನೆಗೆ, ಸೆಪ್ಟೆಂಬರ್‌ನಲ್ಲಲ್ಲ. ಹಾಗಾಗಿ ಮಕ್ಕಳು ಅರ್ಧ ವರ್ಷ ಹಿಂದೆ ಅಥವಾ ಮುಂದೆ ಬೀಳುತ್ತಾರೆ. ಸೇರುವ ವಯಸ್ಸೂ ರಾಜ್ಯಕ್ಕೊಂದು: ವಿಕ್ಟೋರಿಯಾದಲ್ಲಿ ಏಪ್ರಿಲ್ 30ರೊಳಗೆ 5 ತುಂಬಬೇಕು, ನ್ಯೂ ಸೌತ್ ವೇಲ್ಸ್‌ನಲ್ಲಿ ಜುಲೈ 31ರೊಳಗೆ. ಮಗು ಎಳೆಯದಿದ್ದರೆ ಹಿಂದಿನ ತರಗತಿಗೇ ಹಾಕಿ. ಅವಸರ ಬೇಡ.

ಆಸ್ಪತ್ರೆ ಇರುತ್ತದೆ, ಆದರೆ ಹೆರಿಗೆ ಇಲ್ಲ, ಆಪರೇಷನ್ ಇಲ್ಲ. ಅದಕ್ಕೆಲ್ಲ ಹಾರ್ಷಮ್, ಇಲ್ಲವೇ ಬಲ್ಲರಾಟ್. ಗರ್ಭಿಣಿಯಾಗಿರುವಾಗ, ಅಥವಾ ಆಗುವ ಯೋಚನೆ ಇರುವಾಗ ಬರುವವರು ಈ ದೂರವನ್ನು ಗೂಗಲ್ ಮ್ಯಾಪ್‌ನಲ್ಲಿ ಅಲ್ಲ, ಮಳೆಗಾಲದ ಒಂದು ರಾತ್ರಿ ಕಾರು ಓಡಿಸಿ ಅಳೆಯಬೇಕು. ಮುಸ್ಸಂಜೆಗೂ ನಸುಕಿನಲ್ಲೂ ಕಾಂಗರೂಗಳು ರಸ್ತೆಗೆ ಹಾರುತ್ತವೆ. ಸ್ಟೇರಿಂಗ್ ತಿರುಗಿಸಬೇಡಿ, ನೇರ ಬ್ರೇಕ್ ಹಾಕಿ. ತಪ್ಪಿಸಲು ಹೋಗಿ ಮರಕ್ಕೆ ಗುದ್ದುವುದೇ ಹೆಚ್ಚು ಅಪಾಯ.

ಇನ್ನು ಮಂಗಳವಾರ ಹನ್ನೊಂದು ಗಂಟೆಯ ವಿಷಯ. ಮೊದಲ ನಾಲ್ಕು ತಿಂಗಳು ನಾನು ಆ ಹೊತ್ತಿಗೆ ಸುಮ್ನೆ ಕಿಟಕಿ ಹತ್ತಿರ ಕೂತು ಲೆಸ್ಟರ್‌ನ ಗೆಳತಿಯರು ಯಾವಾಗ ಏಳುತ್ತಾರೆ ಅಂತ ಲೆಕ್ಕ ಹಾಕುತ್ತಿದ್ದೆ. ಅಲ್ಲಿ ಆಗ ನಡುರಾತ್ರಿ. ಅಕ್ಕಪಕ್ಕದವರು ಒಳ್ಳೆಯವರು, ನೋಡಿದರೆ ಕೈ ಎತ್ತುತ್ತಿದ್ದರು, ಅಷ್ಟೇ. ನಮ್ಮ ಕಡೆ ಹೊಸಬರು ಬಂದರೆ ಪಕ್ಕದ ಮನೆಯವರೇ ಬಂದು ಯಾವ ಊರು, ಯಾರ ಪೈಕಿ ಅಂತ ಕೇಳುತ್ತಾರೆ ಅಲ್ವಾ? ಇಲ್ಲಿ ಹಾಗಲ್ಲ. ನಿಮ್ಮನ್ನು ನಿಮ್ಮ ಪಾಡಿಗೆ ಬಿಡುವುದೇ ಇವರ ಮರ್ಯಾದೆ. ಇಂಗ್ಲಿಷರಿಗೂ ಅದೇ ಅಭ್ಯಾಸ. ಹಾಗಾಗಿ ಎರಡೂ ಕಡೆಯವರು ಕಾಯುತ್ತಾ ಕೂತುಬಿಡುತ್ತಾರೆ.

ನನಗೆ ದಾರಿ ತೆರೆದದ್ದು ಫುಟ್‌ಬಾಲ್ ಮತ್ತು ನೆಟ್‌ಬಾಲ್ ಕ್ಲಬ್. ಇಲ್ಲಿ ಎರಡೂ ಸೇರಿ ಒಂದೇ ಕ್ಲಬ್, ಊರಿಗೆಲ್ಲ ಒಂದೇ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಶನಿವಾರ ಅರ್ಧ ಊರು ಮೈದಾನದಲ್ಲಿರುತ್ತದೆ. ಕಾರುಗಳನ್ನು ಮೈದಾನದ ಸುತ್ತ ಮುಖ ಮಾಡಿ ನಿಲ್ಲಿಸಿರುತ್ತಾರೆ. ಗೋಲು ಬಿದ್ದರೆ ಎಲ್ಲ ಕಾರುಗಳೂ ಒಟ್ಟಿಗೆ ಹಾರ್ನ್ ಹೊಡೆಯುತ್ತವೆ. ಪಕ್ಕದಲ್ಲಿ ತಗಡಿನ ಕ್ಯಾಂಟೀನ್. ಒಂದು ಬುಧವಾರ ಮಗನ ಬ್ಯಾಗಿನಲ್ಲಿ ಒಂದು ಹಾಳೆ ಬಂತು. ಕ್ಯಾಂಟೀನಿನ ಪಾಳಿಯ ಪಟ್ಟಿ. ಯಾರೂ ನನ್ನನ್ನು ಕೇಳಿರಲಿಲ್ಲ, ಆದರೆ ಜೂನ್ ಎರಡನೇ ಶನಿವಾರ, ಹನ್ನೊಂದರಿಂದ ಒಂದು, ಮೊಟ್ಟೆ ರೋಲ್, ಅಂತ ನನ್ನ ಹೆಸರಿತ್ತು. ಹೆಸರಿನ ಕಾಗುಣಿತ ತಪ್ಪಾಗಿತ್ತು. ಆ ಹಾಳೆಯನ್ನು ನಾನು ಫ್ರಿಜ್ ಮೇಲೆ ಅಂಟಿಸಿದ್ದು ಮೂರು ವರ್ಷ ಹಾಗೇ ಇತ್ತು. ಆ ಎರಡು ಗಂಟೆ ಈರುಳ್ಳಿ ಹೆಚ್ಚುತ್ತಾ ನಿಂತಾಗ ನನಗೆ ಪರಿಚಯವಾದ ಮೂವರು ಇವತ್ತಿಗೂ ನನ್ನ ಹತ್ತಿರದ ಗೆಳತಿಯರು.

ಆಟ ಇಷ್ಟ ಇಲ್ಲದವರಿಗೆ ಸಿಡಬ್ಲ್ಯೂಎ ಅನ್ನುವ ಹಳ್ಳಿ ಮಹಿಳೆಯರ ಸಂಘ ಇದೆ, 1922ರಲ್ಲಿ ಶುರುವಾದದ್ದು. ಕೇಕು, ಹೊಲಿಗೆ ಇರುತ್ತದೆ, ಜೊತೆಗೆ ಊರಿಗೆ ಡಾಕ್ಟರ್ ಬೇಕು ಅಂತ ಸರ್ಕಾರಕ್ಕೆ ಪತ್ರ ಬರೆಯುವವರೂ ಇವರೇ. ಗಂಡಸರಿಗೆ ಮೆನ್ಸ್ ಶೆಡ್, ಅಂದರೆ ಒಟ್ಟಿಗೆ ಸೇರಿ ಮರಗೆಲಸ, ರಿಪೇರಿ ಮಾಡುತ್ತಾ ಮಾತಾಡುವ ಜಾಗ. ಇಬ್ಬರಿಗೂ ಬೆಂಕಿ ನಂದಿಸುವ ಸ್ವಯಂಸೇವಕ ದಳ. ಯಾವುದಕ್ಕಾದರೂ ಕರೆದಾಗ ‘ಒಂದು ಪ್ಲೇಟ್ ತನ್ನಿ’ ಅಂದರೆ ತಿಂಡಿ ಮಾಡಿ ತನ್ನಿ ಅಂತ ಅರ್ಥ, ತಟ್ಟೆ ಕಡಿಮೆ ಬಿದ್ದಿದೆ ಅಂತಲ್ಲ. ಕೆಂಟ್‌ನಿಂದ ಬಂದ ಕುಟುಂಬ ನಾಲ್ಕು ಖಾಲಿ ತಟ್ಟೆ ಹಿಡಿದುಕೊಂಡು ಬಂದಿತ್ತು, ಪಾಪ.

ಯಾರಿಗೆ ಈ ಊರು? ಪ್ರೈಮರಿ ಶಾಲೆಯ ಮಕ್ಕಳಿರುವವರಿಗೆ. ಮನೆಯಲ್ಲಿ ಉಳಿಯುವವರು ತಾವಾಗಿ ಹೋಗಿ ಬಾಗಿಲು ತಟ್ಟುವ ಸ್ವಭಾವದವರಾದರೆ. ತಮ್ಮ ಓದಿಗೆ ತಕ್ಕ ಕೆಲಸವೇ ಬೇಕು ಅನ್ನದೆ ವೃದ್ಧಾಶ್ರಮ, ಶಾಲೆ, ಆಸ್ಪತ್ರೆಯ ಅಡುಗೆಮನೆ ಯಾವುದಾದರೂ ಸರಿ ಅನ್ನುವವರಾದರೆ. ಲಂಡನ್ನಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬರು ಎರಡು ವರ್ಷ ತಮ್ಮ ಕಸುಬಿನ ಕೆಲಸಕ್ಕೇ ಕಾದರು. ಅದು ಬರಲೇ ಇಲ್ಲ. ವಾಪಸ್ ಹೋದ ಎರಡು ಕುಟುಂಬಗಳಲ್ಲಿ ಅವರದೂ ಒಂದು.

ಊರಾಚೆ ಹತ್ತು ಎಕರೆ

ಬ್ರಿಟಿಷರ ಕನಸಿನಲ್ಲಿ ಇರುವುದು ಇದು. ಇಂಗ್ಲೆಂಡಿನ ಒಂದು ಸಣ್ಣ ಮನೆಯ ಬೆಲೆಗೆ ಹತ್ತು ಎಕರೆ, ನಾಲ್ಕು ಕೋಣೆಯ ಮನೆ, ಮಕ್ಕಳಿಗೆ ಕುದುರೆ, ಅಂಗಳದಲ್ಲಿ ಕೋಳಿ. ಆಸೆ ತಪ್ಪಲ್ಲ. ಆದರೆ ಮೊದಲ ಎರಡು ವರ್ಷ ಇದನ್ನು ಮುಟ್ಟಬೇಡಿ ಅಂತ ನಾನು ಕೈ ಮುಗಿದು ಹೇಳುತ್ತೇನೆ.

ನೀರಿನ ಲೆಕ್ಕ ನೋಡಿ. ಊರಾಚೆ ಹೆಚ್ಚಿನ ಕಡೆ ಪೈಪಿನ ಕುಡಿಯುವ ನೀರು ಇರುವುದಿಲ್ಲ. ತಗಡಿನ ಚಾವಣಿಯ ಮೇಲೆ ಬಿದ್ದ ಮಳೆ ಟ್ಯಾಂಕಿಗೆ ಹೋಗುತ್ತದೆ, ಅದೇ ಕುಡಿಯುವುದಕ್ಕೂ ಸ್ನಾನಕ್ಕೂ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 200 ಚದರ ಮೀಟರ್ ಚಾವಣಿ, ವರ್ಷಕ್ಕೆ 400 ಮಿಲಿಮೀಟರ್ ಮಳೆ ಅಂದರೆ ಒಂದು ಹನಿ ಪೋಲಾಗದಿದ್ದರೂ 80 ಸಾವಿರ ಲೀಟರ್. ನಾಲ್ಕು ಜನ, ತಲೆಗೆ ದಿನಕ್ಕೆ 150 ಲೀಟರ್ ಬಳಸಿದರೆ ವರ್ಷಕ್ಕೆ 2 ಲಕ್ಷ 19 ಸಾವಿರ ಲೀಟರ್ ಬೇಕು. ಉಳಿದದ್ದು ಎಲ್ಲಿಂದ? ಒಂದೋ ಶೆಡ್ಡುಗಳ ಚಾವಣಿಯ ನೀರನ್ನೂ ಹಿಡಿಯಬೇಕು, ಒಂದೋ ಶೌಚಕ್ಕೆ, ಗಿಡಕ್ಕೆ ಬೋರ್‌ವೆಲ್ ಅಥವಾ ಹೊಂಡದ ನೀರು ಬಳಸಬೇಕು, ಇಲ್ಲದಿದ್ದರೆ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕು. ನಮ್ಮ ಹಳ್ಳಿಗಳಿಂದ ಬಂದವರಿಗೆ ಟ್ಯಾಂಕರ್‌ಗೆ ಕಾಯುವುದು ಹೊಸದಲ್ಲ. ಹದಿನೈದು ನಿಮಿಷ ಷವರ್ ಕೆಳಗೆ ನಿಂತು ಬೆಳೆದ ಹುಡುಗರಿಗೆ ಹೊಸದು. ಮನೆ ನೋಡಲು ಹೋದಾಗ ಟ್ಯಾಂಕಿನ ಮೈಯನ್ನು ಮೇಲಿಂದ ಕೆಳಗೆ ಬೆರಳಿನಿಂದ ಬಡಿಯುತ್ತಾ ಬನ್ನಿ. ಸದ್ದು ಎಲ್ಲಿ ಬದಲಾಗುತ್ತದೋ ಅಲ್ಲಿಯವರೆಗೆ ನೀರಿದೆ. ಮಾರ್ಚ್‌ನಲ್ಲಿ ಹೋಗಿ ಬಡಿದು ನೋಡಿ, ಸೆಪ್ಟೆಂಬರ್‌ನಲ್ಲಿ ಎಲ್ಲ ಟ್ಯಾಂಕುಗಳೂ ತುಂಬಿರುತ್ತವೆ.

ಎರಡನೆಯದು ಬೆಂಕಿ. 2009ರ ಫೆಬ್ರವರಿ 7ರಂದು ವಿಕ್ಟೋರಿಯಾದಲ್ಲಿ ಒಂದೇ ದಿನದ ಕಾಡ್ಗಿಚ್ಚು 173 ಜನರನ್ನು ಬಲಿ ತೆಗೆದುಕೊಂಡಿತು. ಮರಗಳ ನಡುವೆ, ಗುಡ್ಡದ ಮೇಲೆ, ಒಂದೇ ರಸ್ತೆ ಇರುವ ಜಾಗ ಫೋಟೋದಲ್ಲಿ ಎಷ್ಟು ಚೆಂದವೋ ಬೇಸಿಗೆಯಲ್ಲಿ ಅಷ್ಟೇ ಅಪಾಯ. ಈಗ ಬೆಂಕಿಯ ಅಪಾಯವನ್ನು ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಸ್ಟ್ರಾಫಿಕ್ ಅಂತ ನಾಲ್ಕು ಹಂತದಲ್ಲಿ ಹೇಳುತ್ತಾರೆ. ಕೊನೆಯ ಹಂತ ಅಂದರೆ ಮನೆ ಉಳಿಸಿಕೊಳ್ಳುವ ಮಾತೇ ಇಲ್ಲ, ಹಿಂದಿನ ರಾತ್ರಿ ಅಥವಾ ಬೆಳಿಗ್ಗೆ ಬೇಗ ಹೊರಟುಬಿಡಬೇಕು. ಆ ದಿನ ಕೆಲಸಕ್ಕೆ ಹೋದವರ ಹತ್ತಿರ ಒಂದೇ ಕಾರು ಇದ್ದರೆ ಮನೆಯಲ್ಲಿ ಉಳಿದವರು ಹೇಗೆ ಹೊರಡುತ್ತಾರೆ? ಹತ್ತು ಎಕರೆಗೆ ಎರಡು ಕಾರು ಬೇಕೇ ಬೇಕು. ಮೊಬೈಲ್ ಸಿಗ್ನಲ್ ಅಡುಗೆಮನೆಯಲ್ಲಿ ಬರುತ್ತದಾ ಅಂತಲೂ ನೋಡಿ. ಹಳ್ಳಿಯಲ್ಲಿ ಟೆಲ್‌ಸ್ಟ್ರಾ ಅನ್ನುವ ಫೋನ್ ಕಂಪನಿ ಬಿಟ್ಟರೆ ಬೇರೆಯದನ್ನು ನಾನು ನಂಬುವುದಿಲ್ಲ.

ಇದು ಹೊಸ ಕಥೆಯೂ ಅಲ್ಲ. 1921ರಿಂದ ಪಶ್ಚಿಮ ಆಸ್ಟ್ರೇಲಿಯಾದ ಸರ್ಕಾರ ಬ್ರಿಟನ್ನಿನಿಂದ ಸಾವಿರಾರು ಕುಟುಂಬಗಳನ್ನು ಕರೆಸಿ, ಸುಮಾರು ಇಪ್ಪತ್ತು ಕುಟುಂಬಗಳ ಗುಂಪು ಮಾಡಿ, ನೈಋತ್ಯದ ಕಾಡಿನಲ್ಲಿ ಹೈನುಗಾರಿಕೆಗೆ ಜಮೀನು ಕೊಟ್ಟಿತು. ಅಲ್ಲಿನ ಕಾರಿ ಮರಗಳು ಅರವತ್ತು ಎಪ್ಪತ್ತು ಮೀಟರ್ ಎತ್ತರದವು. ನಗರದಿಂದ ಬಂದ, ಹಾಲು ಕರೆದೇ ಗೊತ್ತಿಲ್ಲದ ಜನ ತಗಡಿನ ಗುಡಿಸಲಲ್ಲಿ ಇದ್ದುಕೊಂಡು ಕೊಡಲಿಯಿಂದ ಆ ಮರಗಳನ್ನು ಕಡಿಯಬೇಕಿತ್ತು. ಎಷ್ಟೋ ಕುಟುಂಬಗಳು ಸಾಲ ಹೊತ್ತು ಜಮೀನು ಬಿಟ್ಟು ಹೋದವು. ಆ ಸೀಮೆಯ ನಾರ್ತ್‌ಕ್ಲಿಫ್, ಡೆನ್‌ಮಾರ್ಕ್ ಇವತ್ತು ಸುಂದರ ಊರುಗಳು. ಅಲ್ಲಿ ಓಡಾಡುವಾಗ ನನಗೆ ಆ ಹೆಂಗಸರೇ ನೆನಪಾಗುತ್ತಾರೆ. ಗಂಡಸರು ಮರ ಕಡಿಯಲು ಒಟ್ಟಿಗೆ ಹೋಗುತ್ತಿದ್ದರು, ಇವರು ಒಬ್ಬೊಬ್ಬರೇ ಗುಡಿಸಲಿನಲ್ಲಿ.

ಮನೆಯಲ್ಲಿ ಉಳಿಯುವವರಿಗೆ ತೋಟ, ಪ್ರಾಣಿ, ರಿಪೇರಿ ಕೆಲಸ ನಿಜವಾಗಿಯೂ ಇಷ್ಟವಾದರೆ, ಊರಿನಲ್ಲಿ ಎರಡು ಬೇಸಿಗೆ ಕಳೆದ ಮೇಲೆ, ಹತ್ತು ಎಕರೆ ತುಂಬಾ ಒಳ್ಳೆಯ ಬದುಕು. ಯಾರ್ಕ್‌ಷೈರ್‌ನ ಒಂದು ಕುಟುಂಬ ಹಾಗೇ ಮಾಡಿತು. ಈಗ ಅವರ ಮನೆಯ ಮೊಟ್ಟೆಯೇ ನಮಗೂ ಬರುವುದು.

ಹಾವಿನ ಬಗ್ಗೆ ಕೇಳಿಯೇ ಕೇಳುತ್ತೀರಿ, ಹೇಳಿಬಿಡುತ್ತೇನೆ. ಕಂದು ಹಾವು, ಟೈಗರ್ ಹಾವು ಎರಡೂ ಇವೆ. ಹುಲ್ಲು ಗಿಡ್ಡ ಇಡಿ, ಬೂಟು ಹಾಕಿ, ಕಾರಿನಲ್ಲೂ ಮನೆಯಲ್ಲೂ ಬಿಗಿ ಬ್ಯಾಂಡೇಜ್ ಇಟ್ಟುಕೊಳ್ಳಿ. ಕಚ್ಚಿದರೆ ಇಡೀ ಕೈ ಅಥವಾ ಕಾಲಿಗೆ ಬಿಗಿಯಾಗಿ ಸುತ್ತಿ, ಅಲ್ಲಾಡದೆ ಮಲಗಿ, 000ಗೆ ಫೋನ್ ಮಾಡಿ. ಕಚ್ಚಿದ ಜಾಗ ತೊಳೆಯಬೇಡಿ. ಆಂಬ್ಯುಲೆನ್ಸ್ ಖರ್ಚನ್ನು ಇಲ್ಲಿನ ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇರ್ ಕೊಡುವುದಿಲ್ಲ ಅನ್ನುವುದೂ ನೆನಪಿರಲಿ. ಕ್ವೀನ್ಸ್‌ಲ್ಯಾಂಡ್, ಟಾಸ್ಮೇನಿಯಾದಲ್ಲಿ ಅಲ್ಲಿನ ನಿವಾಸಿಗಳಿಗೆ ಉಚಿತ. ಉಳಿದ ಕಡೆ ಬಂದ ವಾರದಲ್ಲೇ ಸದಸ್ಯತ್ವವೋ ವಿಮೆಯೋ ಮಾಡಿಸಿಕೊಳ್ಳಿ.

ಒಳನಾಡು

ಬ್ರೋಕನ್ ಹಿಲ್, ಲಾಂಗ್‌ರೀಚ್, ಆಲಿಸ್ ಸ್ಪ್ರಿಂಗ್ಸ್. ಬ್ರೋಕನ್ ಹಿಲ್‌ನಿಂದ ತನ್ನದೇ ರಾಜ್ಯದ ರಾಜಧಾನಿ ಸಿಡ್ನಿಗೆ 1,100 ಕಿಲೋಮೀಟರಿಗೂ ಹೆಚ್ಚು. ಹಾಗಾಗಿ ಆ ಊರಿನ ಗಡಿಯಾರವೇ ಪಕ್ಕದ ದಕ್ಷಿಣ ಆಸ್ಟ್ರೇಲಿಯಾದ ಸಮಯದಲ್ಲಿ ನಡೆಯುತ್ತದೆ. 1928ರಲ್ಲಿ ಶುರುವಾದ ಹಾರುವ ಡಾಕ್ಟರ್ ಸೇವೆ, 1951ರಿಂದ ಆಲಿಸ್ ಸ್ಪ್ರಿಂಗ್ಸ್‌ನಿಂದ ರೇಡಿಯೋ ಮೂಲಕ ಪಾಠ ಹೇಳಿದ ಸ್ಕೂಲ್ ಆಫ್ ದಿ ಏರ್, ಇವೆಲ್ಲ ಈ ದೂರದಿಂದಲೇ ಹುಟ್ಟಿದವು. ನರ್ಸ್, ಶಿಕ್ಷಕ, ಡಾಕ್ಟರ್ ಆಗಿದ್ದರೆ ಸಂಬಳದ ಜೊತೆ ಮನೆ, ಭತ್ಯೆ ಕೊಡುವ ಕೆಲಸಗಳು ಸಿಗುತ್ತವೆ. ಒಂದೆರಡು ವರ್ಷದ ಒಪ್ಪಂದಕ್ಕೆ, ಶಾಲೆಗೆ ಸೇರದ ಮಕ್ಕಳಿರುವಾಗ, ಇಬ್ಬರಿಗೂ ಕೆಲಸ ಇದ್ದರೆ ಹೋಗಿ. ಒಬ್ಬರಿಗೆ ಮಾತ್ರ ಕೆಲಸ ಇದ್ದರೆ ಬೇಡ.

ಪೂರ್ವವೋ ಪಶ್ಚಿಮವೋ

ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ. ವಿಕ್ಟೋರಿಯಾದಲ್ಲಿ ನಾವು ಬ್ರಿಟನ್‌ಗಿಂತ 9ರಿಂದ 11 ಗಂಟೆ ಮುಂದೆ. ಪಶ್ಚಿಮ ಆಸ್ಟ್ರೇಲಿಯಾ 7 ಅಥವಾ 8 ಗಂಟೆ ಮಾತ್ರ. ಅಂದರೆ ಅಲ್ಲಿನ ಆಲ್ಬನಿ ಊರಿನಲ್ಲಿ ಮಕ್ಕಳು ಶಾಲೆಯಿಂದ ಬಂದು ನಾಲ್ಕು ಗಂಟೆಗೆ ಫೋನ್ ಮಾಡಿದರೆ ಅಜ್ಜಿ ಆಗಷ್ಟೇ ಟೀ ಕುಡಿಯುತ್ತಿರುತ್ತಾರೆ. ಪರ್ತ್‌ನಿಂದ ಲಂಡನ್‌ಗೆ 2018ರ ಮಾರ್ಚ್‌ನಿಂದ ನೇರ ವಿಮಾನ ಇದೆ, ಸುಮಾರು 17 ಗಂಟೆ. ಬ್ರಿಟನ್ನಿನಲ್ಲಿ ವಯಸ್ಸಾದ ತಂದೆ ತಾಯಿ ಇದ್ದರೆ ಈ ಎರಡು ವಿಷಯ ಉಳಿದೆಲ್ಲಕ್ಕಿಂತ ಭಾರ. ನನ್ನ ಮಾವನವರು ಲೆಸ್ಟರ್‌ನಲ್ಲೇ ತೀರಿಕೊಂಡರು, ನಾವು ಮುಟ್ಟುವಷ್ಟರಲ್ಲಿ ಎರಡು ದಿನ ಆಗಿತ್ತು.

ಅಪ್ಪ ಅಮ್ಮ ನಿವೃತ್ತರಾಗಿ ನಿಮ್ಮ ಹಿಂದೆಯೇ ಬರುವ ಯೋಚನೆಯಲ್ಲಿದ್ದರೆ ಒಂದು ಮಾತು ಹೇಳಿಬಿಡಿ: ಬ್ರಿಟನ್ನಿನ ಸರ್ಕಾರಿ ಪಿಂಚಣಿ ಆಸ್ಟ್ರೇಲಿಯಾದಲ್ಲಿ ಇರುವವರಿಗೆ ವರ್ಷ ವರ್ಷ ಏರುವುದಿಲ್ಲ. ಎಷ್ಟಕ್ಕೆ ನಿಂತಿತೋ ಅಷ್ಟೇ. ನಾಯಿ ತರುವುದಾದರೆ ಮೆಲ್ಬರ್ನ್ ಹತ್ತಿರದ ಮಿಕ್ಲ್‌ಹ್ಯಾಮ್‌ನಲ್ಲಿ ಕನಿಷ್ಠ 10 ದಿನ ಕ್ವಾರಂಟೈನ್. ಬೂಟು, ಸೈಕಲ್, ಟೆಂಟಿಗೆ ಅಂಟಿದ ಮಣ್ಣನ್ನು ಹೊರಡುವ ಮುಂಚೆಯೇ ಚೆನ್ನಾಗಿ ತೊಳೆದು ಒಣಗಿಸಿ.

ಬಿಸಿಲಿಗೆ ಹೆದರುವವರು, ಇಂಗ್ಲೆಂಡಿನ ಹಸಿರನ್ನೇ ಹುಡುಕುವವರು ಟಾಸ್ಮೇನಿಯಾ ನೋಡಿ. ಮಂಜು, ಸೇಬು, ಬೇಲಿಯ ಸಾಲು ಎಲ್ಲ ಇದೆ. ಕೆಲಸ ಮಾತ್ರ ಮೊದಲೇ ಕೈಯಲ್ಲಿರಬೇಕು.

ಊರು ನೋಡಲು ಹೋದಾಗ

ಎರಡನೇ ಮಹಾಯುದ್ಧದ ನಂತರ ಹತ್ತು ಪೌಂಡ್ ಕೊಟ್ಟು ಹಡಗು ಹತ್ತಿದ ಬ್ರಿಟಿಷರು ಕನಿಷ್ಠ ಎರಡು ವರ್ಷ ಇಲ್ಲಿರಬೇಕಿತ್ತು, ಇಲ್ಲದಿದ್ದರೆ ಪ್ರಯಾಣದ ಪೂರ್ತಿ ಖರ್ಚು ಕಟ್ಟಬೇಕಿತ್ತು. ಸುಮಾರು ಕಾಲು ಭಾಗ ಜನ ವಾಪಸ್ ಹೋದರು. ಅವರಲ್ಲೂ ಅನೇಕರು ಮತ್ತೆ ಬಂದರು. ನೀವೂ ನಿಮಗೆ ನೀವೇ ಎರಡು ವರ್ಷದ ಗಡುವು ಹಾಕಿಕೊಳ್ಳಿ. ಮೊದಲ ಚಳಿಗಾಲದಲ್ಲಿ ತೀರ್ಮಾನ ತೆಗೆದುಕೊಳ್ಳಬೇಡಿ.

ಆಗುವುದಾದರೆ ಕೆಲಸ ಒಪ್ಪುವ ಮುಂಚೆ ಒಂದು ಸಲ ಬನ್ನಿ, ಫೆಬ್ರವರಿಯಲ್ಲಿ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಹಿಡಿಸಿದ ಊರು ಯಾವಾಗಲೂ ಹಿಡಿಸುತ್ತದೆ. ಎರಡು ದಿನ ಇರಿ. ಸಂದರ್ಶನಕ್ಕೆ ಹೋದವರನ್ನು ಆಸ್ಪತ್ರೆಗೋ ಶಾಲೆಗೋ ಬಿಟ್ಟು, ಇನ್ನೊಬ್ಬರು ಒಬ್ಬರೇ ಊರು ಸುತ್ತಿ. ಲೈಬ್ರರಿಗೆ ಹೋಗಿ, ಈಜುಕೊಳಕ್ಕೆ ಹೋಗಿ, ಬೇಕರಿಯಲ್ಲಿ ಕೂತು ಟೀ ಕುಡಿಯಿರಿ. ಗುರುವಾರ ಸಂಜೆ ತಪ್ಪದೆ ಮೈದಾನದ ಹತ್ತಿರ ಹೋಗಿ, ಆವತ್ತು ಅಭ್ಯಾಸ ಇರುತ್ತದೆ, ದೊಡ್ಡವರೂ ಮಕ್ಕಳೂ ಸೇರಿರುತ್ತಾರೆ. ಬೇಲಿಗೆ ಒರಗಿ ನಿಂತಿರುವವರ ಹತ್ತಿರ ಹೋಗಿ ‘ನಾವು ಇಲ್ಲಿಗೆ ಬರುವ ಯೋಚನೆಯಲ್ಲಿದ್ದೇವೆ’ ಅಂತ ನೀವೇ ಮೊದಲು ಹೇಳಿ. ಅವರಾಗಿ ಕೇಳುವುದಿಲ್ಲ. ನೀವು ಹೇಳಿದ ಮೇಲೆ, ಕತ್ತಲಾಗಿ ಮೈದಾನದ ದೀಪ ಆರಿಸುವವರೆಗೂ ಬಿಡುವುದಿಲ್ಲ.